ಕೆರೆಯೊಳಗಿನ ಕಾಳಗ

ಅರಸೀಕೆರೆಯಿಂದ ಕಡೂರಿನ ಕಡೆಗೆ ಸಾಗುವ ರೈಲು ಮಾರ್ಗದಲ್ಲಿ ಬಾಣಾವರವೆಂಬ ಊರುಂಟು. ತೆಂಗಿನ ತೋಟ, ರಾಗಿಯ ಹೊಲ, ಮಳೆಯನ್ನೇ ನಂಬಿದ ಕೆರೆಗಳು, ಇವು ಆ ಸೀಮೆಯ ಲಕ್ಷಣ. ತಾಲ್ಲೂಕಿನ ಹೆಸರಿನಲ್ಲಿಯೇ ಕೆರೆಯಿದೆ. ಅಲ್ಲಿಂದ ಅಷ್ಟೇನೂ ದೂರವಲ್ಲದ ಹಳೇಬೀಡಿನಲ್ಲಿ ಹೊಯ್ಸಳರ ಕಾಲದ ದೊಡ್ಡ ಕೆರೆ ಇಂದಿಗೂ ಉಳಿದಿದೆ. ಇಂತಹ ಬಯಲುಸೀಮೆಯ ಕೆರೆಗಳಲ್ಲಿ ನೀರು ಇಳಿದಾಗ, ಅಂಚಿನ ಕೆಸರಿನಲ್ಲಿ ತಟ್ಟೆಯಾಕಾರದ ಗುಂಡಿಗಳು ಒಂದರ ಪಕ್ಕದಲ್ಲೊಂದು ಕಾಣಿಸುವುದುಂಟು. ಅವು ಮಕ್ಕಳು ತೋಡಿದ ಗುಂಡಿಗಳಲ್ಲ. ದನಗಳ ಗೊರಸಿನ ಗುರುತೂ ಅಲ್ಲ. ಜನರು ಜಿಲೇಬಿ ಮೀನೆಂದು ಕರೆಯುವ ತಿಲಾಪಿಯದ ಗಂಡುಗಳು ಬಾಯಿಂದ ಮಣ್ಣನ್ನು ಎತ್ತಿ ಎತ್ತಿ ಹಾಕಿ ಮಾಡಿದ ಗೂಡುಗಳು ಅವು. ಒಂದೊಂದು ಗುಂಡಿಗಾಗಿಯೂ ನೀರಿನೊಳಗೆ ಒಂದು ಕಾಳಗ ನಡೆದಿರುತ್ತದೆ.

ತಿಲಾಪಿಯ ಈ ನಾಡಿನ ಮೀನಲ್ಲ. ಆಫ್ರಿಕ ಖಂಡದ ಆಗ್ನೇಯ ಭಾಗದ ನದಿಗಳು ಅದರ ತವರು. 1952ರಲ್ಲಿ ಅದನ್ನು ಭಾರತಕ್ಕೆ ತರಲಾಯಿತು. ಬೇಗ ಮರಿಮಾಡುವ, ಸಿಕ್ಕಿದ್ದನ್ನು ತಿಂದು ಬದುಕುವ ಈ ಮೀನು ಬಡವರ ಊಟಕ್ಕೆ ಒದಗೀತೆಂಬುದು ತಂದವರ ಆಶಯವಾಗಿತ್ತು. ಆದರೆ ಅದು ಮಿತಿಮೀರಿ ಹೆಚ್ಚಿ, ಕೆರೆಯಲ್ಲಿದ್ದ ಬೇರೆ ಮೀನುಗಳ ಪಾಲಿಗೆ ಕಂಟಕವಾಯಿತು. 1959ರಲ್ಲಿಯೇ ಅದರ ಪ್ರಸಾರವನ್ನು ನಿಷೇಧಿಸಲಾಯಿತಾದರೂ ಅಷ್ಟರಲ್ಲಿ ಅದು ದಕ್ಷಿಣದ ಕೆರೆಕುಂಟೆಗಳಲ್ಲಿ ಬೇರೂರಿಬಿಟ್ಟಿತ್ತು. ಹೀಗೆ ಬೇಡದ ಅತಿಥಿಯಾಗಿ ಬಂದ ಈ ಮೀನೇ ಪ್ರಾಣಿಗಳ ಜಗಳದ ಗುಟ್ಟನ್ನು ಬಿಡಿಸುವ ಕೆಲಸದಲ್ಲಿ ವಿಜ್ಞಾನಿಗಳಿಗೆ ನೆರವಾಯಿತೆಂಬುದು ಸೋಜಿಗದ ಸಂಗತಿ.

ಗೂಡು ಕಟ್ಟಿದ ಗಂಡು ತಿಲಾಪಿಯದ ಬಣ್ಣವೇ ಬೇರೆ. ಮೈ ಕಪ್ಪೇರುತ್ತದೆ, ಕೆಳದವಡೆ ಬೆಳ್ಳಗಾಗುತ್ತದೆ, ರೆಕ್ಕೆಯ ಅಂಚು ಕೆಂಪಾಗುತ್ತದೆ. ಇನ್ನೊಂದು ಗಂಡು ಹತ್ತಿರ ಸುಳಿದರೆ ಅದು ಒಮ್ಮೆಗೇ ಮೇಲೆ ಬೀಳುವುದಿಲ್ಲ. ಮೊದಲು ರೆಕ್ಕೆಗಳನ್ನು ನಿಗುರಿಸಿ ಪಕ್ಕಕ್ಕೆ ತಿರುಗಿ ತನ್ನ ಗಾತ್ರವನ್ನು ತೋರಿಸುತ್ತದೆ. ಬಾಲವನ್ನು ಬೀಸಿ ನೀರಿನ ಹೊಡೆತವನ್ನು ಎದುರಾಳಿಯ ಮೈಗೆ ತಾಗಿಸುತ್ತದೆ. ಅಷ್ಟಕ್ಕೂ ಅದು ಹಿಂಜರಿಯದಿದ್ದರೆ ಬಾಯಿಗೆ ಬಾಯಿ ಕಚ್ಚಿ ತಳ್ಳಾಟಕ್ಕೆ ಇಳಿಯುತ್ತದೆ. ಸೋತ ಮೀನು ರೆಕ್ಕೆಗಳನ್ನು ಮಡಿಸಿಕೊಂಡು, ಬಣ್ಣ ಮಾಸಿ, ದೂರ ಸರಿಯುತ್ತದೆ. ಗೆದ್ದ ಮೀನು ಗುಂಡಿಯಲ್ಲಿ ಉಳಿಯುತ್ತದೆ. ಹೆಣ್ಣು ಅಲ್ಲಿಗೆ ಬಂದು ಮೊಟ್ಟೆಯಿಟ್ಟು, ಆ ಮೊಟ್ಟೆಗಳನ್ನು ತನ್ನ ಬಾಯಿಯಲ್ಲಿಯೇ ಇರಿಸಿಕೊಂಡು ಮರಿಮಾಡುತ್ತದೆ. ಕಾಳಗದ ಉದ್ದೇಶ ಕೊಲ್ಲುವುದಲ್ಲ; ಯಾರು ನಿಲ್ಲಬೇಕು, ಯಾರು ಸರಿಯಬೇಕು ಎಂಬುದನ್ನು ತೀರ್ಮಾನಿಸುವುದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಒಂದೇ ಕೆರೆಯ, ಒಂದೇ ಗಾತ್ರದ ಎರಡು ಮೀನುಗಳಲ್ಲಿ ಒಂದು ಮುನ್ನುಗ್ಗುವುದು, ಇನ್ನೊಂದು ಹಿಮ್ಮೆಟ್ಟುವುದು ಏತಕ್ಕೆ? 'ಹುಟ್ಟುಗುಣ ಸುಟ್ಟರೂ ಹೋಗದು' ಎಂಬ ಗಾದೆ ಇದಕ್ಕೆ ಸಿದ್ಧವಾದ ಉತ್ತರವನ್ನು ಕೊಡುತ್ತದೆ. ಮೀನಿನ ವಿಷಯದಲ್ಲಿ ಮಾತ್ರವಲ್ಲ, ಮನುಷ್ಯನ ವಿಷಯದಲ್ಲಿಯೂ ಜನರು ಈ ಗಾದೆಯನ್ನೇ ಮುಂದೊಡ್ಡುವುದುಂಟು. 'ಅವನು ಹುಟ್ಟು ಜಗಳಗಂಟ', 'ಇವನು ಹುಟ್ಟು ಪುಕ್ಕಲ' ಎಂದು ಊರು ಒಂದು ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತದೆ. ಈ ತೀರ್ಪು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರೀಕ್ಷಿಸಿ ನೋಡುವುದು ಅಗತ್ಯ.

ಹುಟ್ಟುಗುಣದ ಪಕ್ಷದಲ್ಲಿ ಬಲವಾದ ಸಾಕ್ಷ್ಯವಿಲ್ಲದೆ ಇಲ್ಲ. ನಿಕೋ ಟಿನ್‌ಬರ್ಗನ್ ಎಂಬ ವಿಜ್ಞಾನಿ ಹಾಲೆಂಡಿನ ಲೈಡನ್ ನಗರದಲ್ಲಿ ಸ್ಟಿಕಲ್‌ಬ್ಯಾಕ್ ಎಂಬ ಚಿಕ್ಕ ಮೀನನ್ನು ಅಭ್ಯಾಸ ಮಾಡಿದನು. ಮರಿಮಾಡುವ ಕಾಲದಲ್ಲಿ ಆ ಜಾತಿಯ ಗಂಡಿನ ಹೊಟ್ಟೆ ಕೆಂಪಾಗುತ್ತದೆ. ಮೀನಿನ ಆಕಾರವನ್ನು ಸರಿಯಾಗಿ ಹೋಲದ ಬೊಂಬೆಗೂ ಕೆಳಭಾಗದಲ್ಲಿ ಕೆಂಪು ಬಳಿದರೆ ಸಾಕು, ಗಂಡು ಅದರ ಮೇಲೆ ಎರಗುತ್ತಿತ್ತು. ಕಿಟಕಿಯಾಚೆಯ ರಸ್ತೆಯಲ್ಲಿ ಅಂಚೆಯ ಕೆಂಪು ಬಂಡಿ ಹಾದುಹೋದಾಗ ಗಾಜಿನ ತೊಟ್ಟಿಯ ಗಂಡುಗಳು ಅದರತ್ತ ರೋಷದಿಂದ ನುಗ್ಗಿದುವೆಂದು ಟಿನ್‌ಬರ್ಗನ್ ತಿಳಿಸಿದ್ದಾನೆ. ಅವನ ಸಹಚರನಾದ ಕಾನ್ರಾಡ್ ಲೊರೆಂಟ್ಸ್ 1963ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ, ಆಕ್ರಮಣಶೀಲತೆಯು ಪ್ರಾಣಿಯ ಒಳಗೇ ಸಂಗ್ರಹವಾಗುತ್ತ ಹೋಗುವ ಶಕ್ತಿಯೆಂದೂ ಹೊರಬರಲು ದಾರಿಯನ್ನು ಹುಡುಕುತ್ತಿರುತ್ತದೆಂದೂ ವಾದಿಸಿದನು. ಇವರಿಬ್ಬರಿಗೂ ಕಾರ್ಲ್ ಫಾನ್ ಫ್ರಿಶ್ ಎಂಬ ಮತ್ತೊಬ್ಬ ವಿಜ್ಞಾನಿಗೂ 1973ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿ ಕೊಡಲಾಯಿತು.

ಸಯಾಮಿನ ಕಾದಾಟದ ಮೀನು ಇನ್ನೊಂದು ನಿದರ್ಶನ. ಇಂದಿನ ಥಾಯ್ಲೆಂಡಿನಲ್ಲಿ ಜನರು ಪಂದ್ಯಕ್ಕಾಗಿ ಚೆನ್ನಾಗಿ ಕಾದುವ ಮೀನುಗಳನ್ನೇ ಆರಿಸಿ ತಲೆತಲಾಂತರದಿಂದ ಮರಿಮಾಡಿಸಿದರು. ಅದರ ಫಲವಾಗಿ ಎರಡು ಗಂಡುಗಳನ್ನು ಒಂದೇ ಬೋಗುಣಿಯಲ್ಲಿ ಇಡಲಾಗದಂತಹ ತಳಿಗಳು ಹುಟ್ಟಿದುವು. ಬೆಂಗಳೂರು, ಮೈಸೂರುಗಳ ಅಂಗಡಿಗಳಲ್ಲಿ ಈ ಮೀನನ್ನು ಒಂದೊಂದು ಸೀಸೆಯಲ್ಲಿ ಒಂದೊಂದಾಗಿ ಇಟ್ಟು ಮಾರುವುದು ಈ ಕಾರಣದಿಂದಲೇ. ಆದುದರಿಂದ ಹುಟ್ಟಿನ ಪಾಲು ಏನೂ ಇಲ್ಲವೆಂದು ಹೇಳುವುದು ಸತ್ಯಕ್ಕೆ ದೂರವಾದ ಮಾತು. ಆದರೆ ಹುಟ್ಟೇ ಎಲ್ಲವೂ ಎನ್ನುವುದು ಅರ್ಧಸತ್ಯ. ಉಳಿದರ್ಧವನ್ನು ಮೀನಿನ ಬಾಳೇ ಬರೆಯುತ್ತದೆ.

ಸಮಬಲದ ಎರಡು ಮೀನುಗಳು ಕಾದಿ ಒಂದು ಗೆದ್ದಿತೆನ್ನೋಣ. ಕೆಲವು ಗಂಟೆಗಳ ಬಳಿಕ ಗೆದ್ದ ಮೀನಿಗೆ ಹೊಸದೊಂದು ಎದುರಾಳಿಯನ್ನು ಒಡ್ಡಿದರೆ ಅದು ಮತ್ತೆ ಗೆಲ್ಲುವ ಸಂಭವ ಹೆಚ್ಚು. ಸೋತ ಮೀನಿಗೆ ಹೊಸ ಎದುರಾಳಿಯನ್ನು ಒಡ್ಡಿದರೆ ಅದು ಮತ್ತೆ ಸೋಲುವ ಸಂಭವ ಹೆಚ್ಚು. ಹೊಸ ಎದುರಾಳಿಗೆ ಹಿಂದಿನ ಕಾಳಗದ ಸುದ್ದಿಯೇ ತಿಳಿಯದು, ಬಲಾಬಲದಲ್ಲಿಯೂ ವ್ಯತ್ಯಾಸವಿಲ್ಲ. ಬದಲಾಗಿರುವುದು ಕಾದಿದ ಮೀನಿನ ಅಂತರಂಗ ಮಾತ್ರ. ಇವನ್ನು ಗೆಲುವಿನ ಪರಿಣಾಮ, ಸೋಲಿನ ಪರಿಣಾಮ ಎಂದು ಕರೆಯುತ್ತಾರೆ. ಮೀನಿನಲ್ಲಿ ಮಾತ್ರವಲ್ಲದೆ ಹಕ್ಕಿ, ಇಲಿ, ಜೇಡ, ಮಿಡತೆ ಮೊದಲಾದ ಜೀವಿಗಳಲ್ಲಿಯೂ ಇವು ಕಂಡುಬಂದಿವೆ.

ಪ್ರಕೃತಿಯಲ್ಲಿ ಇಂತಹ ಏರ್ಪಾಡು ಏಕಿರಬೇಕು? ಮೀನಿಗೆ ಕನ್ನಡಿಯಿಲ್ಲ, ತಕ್ಕಡಿಯಿಲ್ಲ. ತನ್ನ ಬಲವೆಷ್ಟೆಂಬುದನ್ನು ಅದು ತಿಳಿಯುವುದು ಹೇಗೆ? ಹಿಂದಿನ ಕಾಳಗಗಳೇ ಅದಕ್ಕೆ ಅಳತೆಗೋಲು. ಸೋತ ಮೀನು ಕೆಲಕಾಲ ದೂರವಿದ್ದರೆ ಗಾಯಗಳು ತಪ್ಪುತ್ತವೆ. ಗೆದ್ದ ಮೀನು ಮುಂದುವರಿದರೆ ಒಳ್ಳೆಯ ಗೂಡು ಸಿಗುತ್ತದೆ. ಆದರೆ ಈ ಅಳತೆಗೋಲು ಶಾಶ್ವತವಾದುದಲ್ಲ. ಅಮೆರಿಕದ ಕರಾವಳಿಯ ಕಾಂಡ್ಲಾ ವನಗಳಲ್ಲಿ ವಾಸಿಸುವ ಪುಟ್ಟ ಕಿಲ್ಲಿಮೀನನ್ನು ಯೂಯಿಂಗ್ ಷು ಮತ್ತು ಲ್ಯಾರಿ ವುಲ್ಫ್ ಎಂಬ ವಿಜ್ಞಾನಿಗಳು ಪರೀಕ್ಷಿಸಿ 1999ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೊದಲು ಗೆದ್ದು ಆಮೇಲೆ ಸೋತ ಮೀನಿಗಿಂತ, ಮೊದಲು ಸೋತು ಆಮೇಲೆ ಗೆದ್ದ ಮೀನು ಮುಂದಿನ ಕಾಳಗದಲ್ಲಿ ಮೇಲಾಯಿತು. ಹಳೆಯ ಅನುಭವಕ್ಕಿಂತ ಹೊಸ ಅನುಭವಕ್ಕೆ ತೂಕ ಹೆಚ್ಚು ಎಂದಾಯಿತು. ಒಂದು ಸೋಲನ್ನು ಒಂದು ಗೆಲುವು ಅಳಿಸಬಲ್ಲುದು ಎಂಬ ಸಂಗತಿ ಸಾಮಾನ್ಯವಾದುದಲ್ಲ.

ಇನ್ನು ಹಾರ್ಮೋನುಗಳ ವಿಚಾರ. ಪ್ರಾಣಿಯ ದೇಹದಲ್ಲಿ ನಿರ್ನಾಳ ಗ್ರಂಥಿಗಳೆಂಬ ಅಂಗಗಳಿವೆ. ಇವು ಸ್ರವಿಸುವ ರಾಸಾಯನಿಕ ವಸ್ತುಗಳು ರಕ್ತದಲ್ಲಿ ಬೆರೆತು ದೂರದ ಅಂಗಗಳಿಗೆ ಸಂದೇಶವನ್ನು ಒಯ್ಯುತ್ತವೆ. ಇವೇ ಹಾರ್ಮೋನುಗಳು. ಜರ್ಮನಿಯ ಆರ್ನಾಲ್ಡ್ ಬರ್ತೋಲ್ಡ್ 1849ರಲ್ಲಿ ಎಳೆಯ ಹುಂಜಗಳ ವೃಷಣಗಳನ್ನು ತೆಗೆದುಹಾಕಿ ನೋಡಿದನು. ಅವು ಕೂಗಲಿಲ್ಲ, ಕಾದಲಿಲ್ಲ, ಅವುಗಳ ಜುಟ್ಟು ಬೆಳೆಯಲಿಲ್ಲ. ಅದೇ ಅಂಗವನ್ನು ಹೊಟ್ಟೆಯೊಳಗೆ ಬೇರೆಡೆಯಲ್ಲಿ ನೆಟ್ಟಾಗ ಅವು ಎಂದಿನ ಹುಂಜಗಳಂತೆಯೇ ಬೆಳೆದುವು. ರಕ್ತದ ಮೂಲಕ ಸಾಗುವ ಏನೋ ಒಂದು ವಸ್ತು ಕಾದಾಟಕ್ಕೆ ಪ್ರೇರಕವೆಂಬ ತಿಳಿವಳಿಕೆ ಅಲ್ಲಿಂದ ಮೊದಲಾಯಿತು. ಗಂಡಿನ ಗುಣಗಳನ್ನು ಪೋಷಿಸುವ ಈ ಬಗೆಯ ಹಾರ್ಮೋನುಗಳಿಗೆ ಆಂಡ್ರೊಜೆನ್‌ಗಳೆಂದು ಹೆಸರು. ಮನುಷ್ಯನಲ್ಲಿ ಟೆಸ್ಟೊಸ್ಟಿರೋನ್ ಮುಖ್ಯವಾದುದು. ಮೀನುಗಳಲ್ಲಿ ಅದರೊಡನೆ 11-ಕೀಟೊಟೆಸ್ಟೊಸ್ಟಿರೋನ್ ಎಂಬುದೂ ಮುಖ್ಯ. ಸಂಕಟದ ಸಮಯದಲ್ಲಿ ಹೆಚ್ಚುವ ಕಾರ್ಟಿಸಾಲ್ ಎಂಬ ಹಾರ್ಮೋನು ಇನ್ನೊಂದು. ಬಲಿಷ್ಠ ಮೀನಿನ ಕಾಟದಲ್ಲಿ ಸದಾ ಬಾಳುವ ದುರ್ಬಲ ಮೀನಿನಲ್ಲಿ ಇದು ಏರಿ ನಿಲ್ಲುತ್ತದೆ. ಅಂತಹ ಮೀನು ಸರಿಯಾಗಿ ತಿನ್ನದು, ಸರಿಯಾಗಿ ಬೆಳೆಯದು.

ಇಷ್ಟನ್ನು ಅರಿತ ಕೆಲವರು ಅವಸರದ ತೀರ್ಮಾನಕ್ಕೆ ಬಂದರು. ಹಾರ್ಮೋನು ಹೆಚ್ಚಿದರೆ ಜಗಳ, ಕಡಿಮೆಯಾದರೆ ಶಾಂತಿ ಎಂಬುದೇ ಆ ತೀರ್ಮಾನ. 'ಅವನದು ಬಿಸಿರಕ್ತ' ಎಂಬ ಹಳೆಯ ಮಾತಿಗೆ ಇದು ಹೊಸ ವಿಜ್ಞಾನದ ಉಡುಪು ತೊಡಿಸಿದಂತಾಯಿತು. ಆದರೆ ಜಿಲೇಬಿ ಮೀನು ಈ ತೀರ್ಮಾನವನ್ನು ಒಪ್ಪಲಿಲ್ಲ.

ಪೋರ್ಚುಗಲ್ ದೇಶದ ರೂಯಿ ಒಲಿವೇರಾ ಮತ್ತು ಅವರ ಸಂಗಡಿಗರು ಈ ತಿಲಾಪಿಯದ ಮೇಲೆ ನಡೆಸಿದ ಪ್ರಯೋಗವೊಂದು 2009ರಲ್ಲಿ ಪ್ರಕಟವಾಯಿತು. ಸಮಗಾತ್ರದ ಗಂಡುಗಳನ್ನು ಮೊದಲು ಕಾದಲು ಬಿಟ್ಟರು. ಎರಡು ಗಂಟೆಗಳ ನಂತರ ಗೆದ್ದದ್ದನ್ನೂ ಸೋತದ್ದನ್ನೂ ಬೇರೆ ಬೇರೆ ಹೊಸ ಮೀನುಗಳೆದುರು ನಿಲ್ಲಿಸಿದರು. ಔಷಧವನ್ನು ಕೊಡದೆ ಬಿಟ್ಟ ಮೀನುಗಳಲ್ಲಿ, ಮೊದಲು ಗೆದ್ದವುಗಳ ಪೈಕಿ ಶೇಕಡ 88ರಷ್ಟು ಮತ್ತೆ ಗೆದ್ದುವು. ಮೊದಲು ಸೋತವುಗಳ ಪೈಕಿ ಶೇಕಡ 87ರಷ್ಟು ಮತ್ತೆ ಸೋತುವು. ಗೆದ್ದ ಬೇರೆ ಕೆಲವು ಮೀನುಗಳಿಗೆ ಆಂಡ್ರೊಜೆನ್ನಿನ ಕೆಲಸವನ್ನು ತಡೆಯುವ ಔಷಧವನ್ನು ಕೊಟ್ಟಾಗ ಅವುಗಳ ಗೆಲುವು ಶೇಕಡ 44ಕ್ಕೆ ಇಳಿಯಿತು. ಎಂದರೆ ಹಿಂದಿನ ಗೆಲುವಿನ ಲಾಭ ಅಳಿಸಿಹೋಯಿತು. ಇಲ್ಲಿಯವರೆಗೆ ಹಾರ್ಮೋನಿನ ಪಕ್ಷದವರ ಮಾತು ನಿಜವಾಯಿತು. ಆದರೆ ಸೋತ ಮೀನುಗಳಿಗೆ ಅದೇ ಬಗೆಯ ಹಾರ್ಮೋನನ್ನು ಹೆಚ್ಚಾಗಿ ಕೊಟ್ಟಾಗ ಏನಾಯಿತು? ಅವು ವೀರರಾಗಲಿಲ್ಲ. ಅವುಗಳಲ್ಲಿ ಗೆದ್ದವು ಶೇಕಡ 19 ಮಾತ್ರ. ಸೋಲಿನ ನೆನಪನ್ನು ಒಂದು ತೊಟ್ಟು ರಾಸಾಯನಿಕದಿಂದ ತೊಳೆಯಲಾಗಲಿಲ್ಲ.

ಇದೇ ತಂಡದ ಇನ್ನೆರಡು ಪ್ರಯೋಗಗಳೂ ವಿಚಾರಯೋಗ್ಯವಾಗಿವೆ. ಗಂಡು ತಿಲಾಪಿಯದ ಮುಂದೆ ಕನ್ನಡಿಯನ್ನು ಇಟ್ಟರೆ ಅದು ತನ್ನ ಪ್ರತಿಬಿಂಬವನ್ನೇ ವೈರಿಯೆಂದು ಬಗೆದು ಕಾದುತ್ತದೆ. ಆ ಕಾಳಗದಲ್ಲಿ ಸೋಲೂ ಇಲ್ಲ, ಗೆಲುವೂ ಇಲ್ಲ. 2005ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಮೀನು ಅಷ್ಟೊಂದು ಸೆಣಸಿದರೂ ಅದರ ಆಂಡ್ರೊಜೆನ್ ಏರಲಿಲ್ಲ. ಕಾದಾಟದ ಶ್ರಮ ಮಾತ್ರ ಹಾರ್ಮೋನನ್ನು ಏರಿಸುವುದಾಗಿದ್ದರೆ ಇಲ್ಲಿಯೂ ಏರಬೇಕಾಗಿತ್ತಷ್ಟೆ. 2001ರಲ್ಲಿ ಪ್ರಕಟವಾದ ಇನ್ನೊಂದು ವರದಿ ಇದಕ್ಕಿಂತ ವಿಚಿತ್ರವಾದುದು. ತಾನು ಕಾದದೆ, ಇತರ ಎರಡು ಗಂಡುಗಳ ಕಾಳಗವನ್ನು ಬರಿದೆ ನೋಡುತ್ತಿದ್ದ ಮೀನಿನಲ್ಲಿಯೂ ಆಂಡ್ರೊಜೆನ್ ಏರಿತ್ತು.

ಈ ಸಂಗತಿಗಳನ್ನೆಲ್ಲ ಒಟ್ಟಾಗಿ ನೋಡಿದರೆ ಹೊರಡುವ ಅಭಿಪ್ರಾಯ ಒಂದೇ. ಹಾರ್ಮೋನು ಜಗಳದ ಯಜಮಾನನಲ್ಲ. ಅನುಭವದ ಸುದ್ದಿಯನ್ನು ದೇಹಕ್ಕೆ ಮುಟ್ಟಿಸುವ ದೂತ. ಗೆಲುವು ಹಾರ್ಮೋನನ್ನು ಏರಿಸುತ್ತದೆ. ಏರಿದ ಹಾರ್ಮೋನು ಮತ್ತೆ ಕಾದಲು ಪ್ರಚೋದಿಸುತ್ತದೆ. ಆ ಕಾಳಗದ ಫಲ ಮತ್ತೆ ಹಾರ್ಮೋನನ್ನು ಬದಲಿಸುತ್ತದೆ. ಮೊದಲು ಯಾವುದು, ಆಮೇಲೆ ಯಾವುದು ಎಂದು ಗೆರೆಯೆಳೆಯುವುದು ಕಷ್ಟ. ಹುಟ್ಟು, ರಕ್ತ, ಅನುಭವ ಈ ಮೂರೂ ಸೇರಿ ಹೆಣೆದ ಹಗ್ಗದಲ್ಲಿ ಒಂದೇ ಎಳೆಯನ್ನು ಹಿಡಿದು ಇದೇ ಹಗ್ಗವೆನ್ನುವುದು ಅವಿವೇಕ.

ಮೀನಿಗೆ ಸಲ್ಲುವ ಮಾತು ಮನುಷ್ಯನಿಗೂ ಹಾಗೆಯೇ ಸಲ್ಲುತ್ತದೆಯೆ? ಇಲ್ಲಿ ಎಚ್ಚರ ಅಗತ್ಯ. ಮನುಷ್ಯನಿಗೆ ಭಾಷೆಯಿದೆ, ನ್ಯಾಯಾಲಯವಿದೆ, ನಾಚಿಕೆಯಿದೆ, ಕ್ಷಮೆಯಿದೆ. ಸೋತವನು ತನ್ನ ಸೋಲಿನ ಕಾರಣವನ್ನು ವಿಚಾರ ಮಾಡಬಲ್ಲನು. ಗೆದ್ದವನು ಗೆಲುವಿನ ಮದವನ್ನು ತಾನೇ ತಡೆಯಬಲ್ಲನು. ತಿಲಾಪಿಯದ ಗುಂಡಿಯಿಂದ ಮನುಷ್ಯನ ಊರಿಗೆ ನೇರವಾದ ದಾರಿಯಿಲ್ಲ. 1986ರಲ್ಲಿ ಸ್ಪೇನ್ ದೇಶದ ಸೆವಿಲ್ ನಗರದಲ್ಲಿ ಅನೇಕ ದೇಶಗಳ ವಿಜ್ಞಾನಿಗಳು ಸೇರಿ, ಯುದ್ಧವೆಂಬುದು ಮನುಷ್ಯನ ರಕ್ತದಲ್ಲಿಯೇ ಬರೆದಿಟ್ಟ ವಿಧಿಯೆಂಬ ವಾದಕ್ಕೆ ವಿಜ್ಞಾನದ ಆಧಾರವಿಲ್ಲವೆಂದು ಘೋಷಿಸಿದರು. ಯುನೆಸ್ಕೊ ಸಂಸ್ಥೆಯು 1989ರಲ್ಲಿ ಆ ಘೋಷಣೆಯನ್ನು ಅಂಗೀಕರಿಸಿತು. ಆದುದರಿಂದ ಮೀನನ್ನು ತೋರಿಸಿ ಮನುಷ್ಯನ ಕ್ರೌರ್ಯವನ್ನು ಸಮರ್ಥಿಸುವುದು ಸಲ್ಲದು. ಆದರೆ ಮೀನಿನಲ್ಲಿಯೇ ಜಗಳ ಬರಿಯ ಹುಟ್ಟುಗುಣವಲ್ಲವೆಂದಾದ ಮೇಲೆ, ಮನುಷ್ಯನಲ್ಲಿ ಅದು ಹುಟ್ಟುಗುಣವೆಂದು ಕೈಚೆಲ್ಲುವುದಕ್ಕೆ ಆಧಾರವಾದರೂ ಎಲ್ಲಿದೆ?

ಮೊದಲನೆಯ ವಿಚಾರ ಸೋತವರದು. ಒಂದು ಪರೀಕ್ಷೆಯಲ್ಲಿ ಹಿಂದುಳಿದ ಹುಡುಗನಿಗೆ ದಡ್ಡನೆಂದೂ, ಒಂದು ಪಂದ್ಯದಲ್ಲಿ ಬಿದ್ದ ಹುಡುಗಿಗೆ ಕೈಲಾಗದವಳೆಂದೂ ಹೆಸರಿಡುವುದು ವಾಡಿಕೆ. ಆ ಹೆಸರು ಮತ್ತೊಂದು ಸೋಲಿಗೆ ದಾರಿಮಾಡುತ್ತದೆ. ಎರಡನೆಯ ಸೋಲು ಹೆಸರನ್ನು ಗಟ್ಟಿಮಾಡುತ್ತದೆ. ಕಡೆಗೆ ಊರಿನವರು, 'ಹುಟ್ಟುಗುಣವೇ ಹಾಗೆ' ಎನ್ನುತ್ತಾರೆ. ನಿಜವಾಗಿ ಅದನ್ನು ರೂಪಿಸಿದವರು ಅವರೇ. ಕಿಲ್ಲಿಮೀನಿನ ಹಳೆಯ ಸೋಲನ್ನು ಹೊಸ ಗೆಲುವು ಹಿಂದಿಕ್ಕಿತೆಂಬುದನ್ನು ಇಲ್ಲಿ ನೆನೆಯಬೇಕು. ಅಂತಹ ಮಗುವಿಗೆ ಬೇಕಾದುದು ಉಪದೇಶವಲ್ಲ, ಅದರ ಶಕ್ತಿಗೆ ಎಟುಕುವ ಒಂದು ಗೆಲುವು. ಅದನ್ನು ಒದಗಿಸುವುದು ಶಾಲೆಯ ಕೆಲಸ, ಸಹಪಾಠಿಗಳ ಕೆಲಸವೂ ಹೌದು.

ಎರಡನೆಯ ವಿಚಾರ ಗೆದ್ದವರದು. ಗೆಲುವಿನ ಪರಿಣಾಮವೂ ಮೋಸಗೊಳಿಸಬಲ್ಲುದು. ಒಂದು ಗೆಲುವಿನ ಹುಮ್ಮಸ್ಸಿನಲ್ಲಿ ಮೀನು ತನಗಿಂತ ದೊಡ್ಡದಾದ ಮೀನನ್ನು ಕೆಣಕಿ ಗಾಯಗೊಳ್ಳಬಹುದು. ರಾಜ್ಯಗಳ ಇತಿಹಾಸವೂ ಇಂತಹುದೇ. ಹುಲಿಯನ್ನು ಇರಿಯುವ ಸಳನ ಶಿಲ್ಪವನ್ನು ಹೊಯ್ಸಳರು ಲಾಂಛನವಾಗಿ ಮೆರೆಸಿದರು. ಬೇಲೂರು, ಹಳೇಬೀಡುಗಳಿಗೆ ಹೋದವರು ಅದನ್ನು ಕಾಣದೆ ಬರುವುದಿಲ್ಲ. ಆದರೆ ಗೆಲುವುಗಳನ್ನು ಕಂಡ ಆ ರಾಜಧಾನಿಯ ಮೇಲೆಯೇ 1311ರಲ್ಲಿ ಮಲಿಕ್ ಕಾಫೂರನ ದಂಡು ಎರಗಿತು. ಲಾಂಛನ ಕಲ್ಲಿನಲ್ಲಿ ಉಳಿಯಿತು, ರಾಜ್ಯ ಉಳಿಯಲಿಲ್ಲ.

ಮೂರನೆಯ ವಿಚಾರ ನೋಡುಗರದು. ಶಾಲೆಯ ಬಯಲಿನಲ್ಲಿ ಇಬ್ಬರು ಹುಡುಗರು ಕೈಕೈ ಮಿಲಾಯಿಸಿದಾಗ ಸುತ್ತ ನಿಂತು ಕೇಕೆ ಹಾಕುವವರು ತಾವು ನಿರ್ದೋಷಿಗಳೆಂದು ಭಾವಿಸುತ್ತಾರೆ. ನೋಡುವ ಮೀನಿನ ರಕ್ತವೇ ಕಲಕುವುದಾದರೆ, ನೋಡುವ ಮನುಷ್ಯನ ಮನಸ್ಸು ಕಲಕದೆ ಇರುವುದೆ? ಪ್ರಾಣಿಗಳನ್ನು ಕಾದಾಟಕ್ಕೆ ಹಚ್ಚಿ ನೋಡುವುದು ಬಹಳ ಹಿಂದಿನಿಂದಲೂ ಬಂದ ವಿನೋದ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ 'ಮಾನಸೋಲ್ಲಾಸ'ವು ರಾಜರ ವಿನೋದಗಳ ನಡುವೆ ಹುಂಜದ ಕಾಳಗ, ಟಗರಿನ ಕಾಳಗಗಳನ್ನೂ ಎಣಿಸುತ್ತದೆ. ಇಂದಿನ ಭಾರತದಲ್ಲಿ 1960ರ ಪ್ರಾಣಿ ಹಿಂಸಾ ನಿವಾರಣಾ ಕಾಯಿದೆಯು ಮನರಂಜನೆಗಾಗಿ ಪ್ರಾಣಿಗಳನ್ನು ಕಾದಲು ಪ್ರಚೋದಿಸುವುದನ್ನು ಅಪರಾಧವೆಂದು ಸಾರಿದೆ. ಪ್ರಾಣಿಯ ನೋವನ್ನು ತಪ್ಪಿಸುವುದು ಆ ಕಾಯಿದೆಯ ಗುರಿ. ನೋಡುಗನ ಹಿತವೂ ಅದರಲ್ಲಿ ಅಡಗಿದೆಯೆಂದರೆ ತಪ್ಪಾಗದು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತೊಂದುಂಟು. ತುಂಬಿದ ಕೆರೆಯಲ್ಲಿ ಸೋತ ಮೀನು ಸರಿದುಹೋಗುತ್ತದೆ. ಬೇರೆಡೆ ಗುಂಡಿ ತೋಡುತ್ತದೆ. ಕಾಳಗ ಅಲ್ಲಿಗೆ ಮುಗಿಯುತ್ತದೆ. ಇಕ್ಕಟ್ಟಾದ ಗಾಜಿನ ತೊಟ್ಟಿಯಲ್ಲಿ ಸೋತ ಮೀನಿಗೆ ಓಡಲು ಎಡೆಯಿಲ್ಲ. ಗೆದ್ದ ಮೀನು ಅದನ್ನು ಮತ್ತೆ ಮತ್ತೆ ಕಚ್ಚುತ್ತದೆ. ಸೋತದ್ದು ಸಾಯುವುದೂ ಉಂಟು. ಮೀನು ಅದೇ, ಹುಟ್ಟು ಅದೇ, ಹಾರ್ಮೋನೂ ಅದೇ. ಬೇರೆಯಾದುದು ಸ್ಥಳಾವಕಾಶ ಮಾತ್ರ.

ಮಳೆ ಕಡಿಮೆಯಾದ ಸೀಮೆಯಲ್ಲಿ ಬಾವಿಯ ನೀರಿಗೆ, ಹೊಲದ ಬದುವಿಗೆ, ತೋಟದ ದಾರಿಗೆ ವ್ಯಾಜ್ಯಗಳು ಹುಟ್ಟುವುದು ಅಪರೂಪವಲ್ಲ. ನೆರೆಹೊರೆಯ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತಿ, ತಲೆಮಾರುಗಳವರೆಗೆ ಮಾತು ಬಿಟ್ಟ ಊರುಗಳಿವೆ. 'ಗೆದ್ದವನು ಸೋತ, ಸೋತವನು ಸತ್ತ' ಎಂಬ ಗಾದೆ ಹುಟ್ಟಿದ್ದು ಇಂತಹ ವ್ಯಾಜ್ಯಗಳಿಂದಲೇ. ಅಲ್ಲಿ ಜಗಳ ಮುಗಿಯದಿರಲು ಕಾರಣ ಅಣ್ಣತಮ್ಮಂದಿರ ಬಿಸಿರಕ್ತವಲ್ಲ. ಸೋತವನು ಮಾನ ಉಳಿಸಿಕೊಂಡು ಹಿಂದೆ ಸರಿಯಲು ಊರು ಎಡೆಯನ್ನು ಬಿಡದಿರುವುದು. ಹಿರಿಯರು ನಡುವೆ ನಿಂತು, ಗೆದ್ದವನಿಂದ ಒಂದಿಷ್ಟನ್ನು ಬಿಡಿಸಿ, ಸೋತವನಿಗೆ ಒಂದಿಷ್ಟನ್ನು ಕೊಡಿಸಿದ ಕಡೆ ಜಗಳ ಬೇಗನೆ ತಣಿಯುತ್ತದೆ.

ಹುಟ್ಟನ್ನು ಯಾರೂ ಆರಿಸಿಕೊಳ್ಳಲಾರರು. ರಕ್ತದೊಳಗಣ ರಸಗಳನ್ನು ಬೇಕಾದಂತೆ ಏರಿಳಿಸುವುದೂ ಮನುಷ್ಯನ ಕೈಯಲ್ಲಿಲ್ಲ. ಆದರೆ ಒಬ್ಬರ ಪಾಲಿಗೆ ಎಂತಹ ಅನುಭವ ಒದಗಬೇಕು, ಸೋತವರಿಗೆ ಎಷ್ಟು ಎಡೆ ಸಿಗಬೇಕು ಎಂಬುದು ಬಹುಮಟ್ಟಿಗೆ ಸುತ್ತಲಿನವರ ಕೈಯಲ್ಲಿದೆ. ಜಗಳಗಂಟರನ್ನು ದೂರುವ ಮೊದಲು ಪ್ರತಿಯೊಂದು ಊರೂ ಪ್ರತಿಯೊಂದು ತರಗತಿಯೂ ತಾನು ಕೆರೆಯೋ, ಗಾಜಿನ ತೊಟ್ಟಿಯೋ ಎಂದು ಕೇಳಿಕೊಳ್ಳುವುದು ಒಳಿತು.